ಕುಂಡ ತಟ್ಟಿ ಕೇಳುವ ಸೆಲ್ವರಾಜ್

ಕಳ್ಳಿಗಿಡವನ್ನು ಸಾಯಿಸುವುದು ಸುಲಭವಲ್ಲ. ನಾನು ಆರು ತಿಂಗಳಲ್ಲಿ ಒಂದನ್ನು ಸಾಯಿಸಿ ಎರಡನೆಯದಕ್ಕೆ ಕೈ ಹಾಕಿದ್ದೆ.

ರಾಬರ್ಟ್‌ಸನ್‌ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಕೂತಲ್ಲಿ ಕೂರುವವನಲ್ಲ ನಾನು. ನನ್ನ ಕಾಲು ಅಲ್ಲಾಡಿ ಅಲ್ಲಾಡಿಯೇ ಕೌಂಟರಿನ ಸ್ಕ್ರೂ ಸಡಿಲವಾಗಿವೆ ಎಂದು ಮಾಲೀಕರ ದೂರು. ಮನಸ್ಸು ನಿಲ್ಲಬೇಕಾದರೆ ಗಿಡ ಸಾಕಿ ಎಂದು ಯಾವುದೋ ವಿಡಿಯೋ ಹೇಳಿತು. ಮೊದಲನೆಯದಕ್ಕೆ ದಿನಕ್ಕೆ ಮೂರು ಸಲ ನೀರು ಹಾಕಿದೆ, ಕೊಳೆಯಿತು. ಕಳ್ಳಿಗೆ ಮರಳು ಬೇಕಂತೆ ಎಂದು ತಿಳಿದು ಎರಡನೆಯದಕ್ಕೆ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದು ಪುಡಿಯನ್ನು ಚೀಲ ತುಂಬಾ ತಂದೆ.

ಆ ಕುಂಡ ಕೌಂಟರಿನ ಮೇಲಿದ್ದಾಗಲೇ ಸೆಲ್ವರಾಜ್ ಬಂದದ್ದು. ಫೋನಿನ ಸ್ಪೀಕರ್ ಕೆಟ್ಟಿದೆ ಎಂದರು. ನೋಡಿದರೆ ಚೆನ್ನಾಗಿಯೇ ಇತ್ತು. ಬ್ರಶ್ಶಿನಲ್ಲಿ ಉಜ್ಜಿ ಕೊಟ್ಟೆ. ಅವರ ಕಣ್ಣು ಕುಂಡದ ಮೇಲಿತ್ತು.

“ಏನ್ ಮಣ್ಣು ತಂಬಿ ಇದು?”

“ದಿಬ್ಬದ ಮರಳಣ್ಣ.”

“ಆಂ?”

“ದಿಬ್ಬದ್ದು!”

“ಅದು ಮರಳಾ? ನಾವು ಒಡೆದ ಕಲ್ಲು ಡಾ, ಮಿಲ್ಲಲ್ಲಿ ಅರೆದು ಚಿನ್ನ ತೆಗೆದು ಬಿಸಾಕಿದ್ದು. ನೀರು ಬಿದ್ರೆ ಸಿಮೆಂಟು. ನೀನು ಗಿಡ ನೆಟ್ಟಿಲ್ಲ, ಸಮಾಧಿ ಕಟ್ಟಿದೀಯ.”

ಅವತ್ತಿನಿಂದ ಶನಿವಾರ ಸಂಜೆ ಅವರ ಮನೆಗೆ ಹೋಗಿ, ಅಲ್ಲಿಂದಲೇ ನನ್ನೂರು ಬಂಗಾರಪೇಟೆಯ ರೈಲು ಹತ್ತುವುದು ರೂಢಿಯಾಯಿತು.

ಸೆಲ್ವರಾಜ್‌ಗೆ ಅರವತ್ತೈದು. ಹತ್ತೊಂಬತ್ತಕ್ಕೆ ಗಣಿಗಿಳಿದು, ಗಣಿ ಮುಚ್ಚುವವರೆಗೂ ಡ್ರಿಲ್ಲಿಂಗ್ ಮಿಷನ್ ಹಿಡಿದವರು. ಆಮೇಲೆ ಹನ್ನೆರಡು ವರ್ಷ ದಿನಾ ಬೆಂಗಳೂರಿನ ರೈಲು ಹತ್ತಿ ವಾಚ್‌ಮನ್ ಕೆಲಸ. ಈಗ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯ ಮುಂದೆ, ಮೋಟುಗೋಡೆಯ ಮೇಲೆ, ಇಪ್ಪತ್ತೆರಡು ಮಣ್ಣಿನ ಕುಂಡಗಳಲ್ಲಿ ಇಪ್ಪತ್ತೆರಡು ಕಳ್ಳಿ. ಬೆರಳಿನ ಗೆಣ್ಣಿನಿಂದ ಕುಂಡ ತಟ್ಟಿ ಕೇಳುತ್ತಾರೆ. ಠಣ್ ಎಂದರೆ ಒಳಗೆ ಒಣಗಿದೆ, ನೀರು ಹಾಕು. ದಬ್ ಎಂದರೆ ತೇವ ಇದೆ, ಮುಟ್ಟಬೇಡ. ಗಣಿಯಲ್ಲಿ ಪಾಳಿ ಶುರುವಾಗುವ ಮೊದಲು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ, ಗಟ್ಟಿಯೋ ಬಿಟ್ಟುಕೊಂಡಿದೆಯೋ ಎಂದು ಹೇಳುತ್ತಿದ್ದ ಕಿವಿ ಅದು.

“ನನ್ ಗ್ಯಾಂಗಲ್ಲಿ ಒಬ್ಬನ ತಲೆ ಮೇಲೂ ಕಲ್ಲು ಬೀಳ್ಲಿಲ್ಲ” ಎನ್ನುವುದನ್ನು ನಾನು ಹೋದಾಗಲೆಲ್ಲ ಕೇಳಿದ್ದೇನೆ.

ಈ ಬೇಸಿಗೆಯಲ್ಲಿ ಅವರ ಕಳ್ಳಿಗಳು ಸುಕ್ಕುಗಟ್ಟತೊಡಗಿದವು.

“ಯಾವ ಪಾಟ್ ತಟ್ಟಿದ್ರೂ ದಬ್ ಅಂತದೆ. ನಾನು ನೀರು ಹಾಕಿ ಒಂದೂವರೆ ತಿಂಗಳು. ಬೇರು ಕೊಳೀತಾ ಇದೆ. ಯಾರು ಹಾಕ್ತಾ ಇರೋದು?”

“ನಾನಲ್ಲಣ್ಣ.”

“ನಿನ್ ಕೈ ಸುಮ್ನೆ ಇರಲ್ಲ ಡಾ.”

ನನ್ನ ಚರಿತ್ರೆ ಎಂಥದೆಂದರೆ ನನಗೇ ಅನುಮಾನ ಬಂತು. ಹೋದ ವಾರ ಮಗ್ ಎತ್ತಿದ್ದು ನಿಜ. ಹಾಗೇ ಇಟ್ಟೆನಾ?

ಮುಂದಿನ ಶನಿವಾರ ಅವರು ಒಳಗಿರುವಾಗಲೇ ಒಂದು ಕುಂಡ ತಟ್ಟಿದೆ. ಠಣ್. ಪಕ್ಕದ್ದು. ಠಣ್. ಅಷ್ಟರಲ್ಲಿ ಸೆಲ್ವರಾಜ್ ಹೊರಗೆ ಬಂದು ತಾವೂ ತಟ್ಟಿದರು. ಅವರ ಬೆರಳ ಕೆಳಗೇ ಅದು ಕಂಚಿನ ಬಟ್ಟಲಿನಂತೆ ಮೊಳಗಿತು.

“ನೋಡ್ದಾ? ದಬ್.”

ತಮಾಷೆ ಇರಬೇಕೆಂದು ನಗಲು ಹೋದೆ. ಹೊಸ್ತಿಲಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಅವರ ಹೆಂಡತಿ ರಾಧಾಮಣಿ ಕೈ ನಿಲ್ಲಿಸಿದರು.

“ಅಂಬರೀಸು, ಇವ್ರ ಕಿವಿ ವಿಷ್ಯ ನೀನಾದ್ರೂ ಏಳಪ್ಪ. ನಾನೇಳಿದ್ರೆ ಜಗಳ. ಇವ್ರು ಟೀವಿ ಆಕಿದ್ರೆ ಅತ್ಲಾಗೆ ಉರಿಗಾಂ ಟೇಸನ್‌ವರ್ಗೂ ಕೇಳ್ಸುತ್ತೆ.”

ರೈಲಿಗೆ ಇಪ್ಪತ್ತು ನಿಮಿಷವಿತ್ತು. ನಾನೇ ನೀರು ಹಾಕಿದ್ದು, ತಪ್ಪಾಯ್ತು ಎಂದುಬಿಡಬಹುದಿತ್ತು. ನನ್ನ ಹೆಸರು ಹೇಗೂ ಕೆಟ್ಟಿತ್ತು. ಅವರ ಕಿವಿಯ ಮಾನ ಉಳಿಯುತ್ತಿತ್ತು. ಆದರೆ ಗಿಡಗಳು ಉಳಿಯುತ್ತಿರಲಿಲ್ಲ.

“ಅಣ್ಣಾ, ಇದು ಠಣ್ ಅಂತೈತೆ. ಪಕ್ಕದ್ದೂ ಅಷ್ಟೇ.” ಕೂಗಿಯೇ ಹೇಳಿದೆ.

ಅವರು ಬಗ್ಗಿ, ಕುಂಡಕ್ಕೆ ಕಿವಿಯಾನಿಸಿ ಮತ್ತೆ ತಟ್ಟಿದರು. ಮುಳ್ಳೊಂದು ಕೆನ್ನೆಗೆ ಚುಚ್ಚಿದರೂ ಕದಲಲಿಲ್ಲ.

“ಜೋರಾಗಾ?”

“ಜೋರಾಗೇ ಅಣ್ಣ.”

ಸೆಲ್ವರಾಜ್ ಒಳಗೆ ಹೋಗಿ ಮಗ್ ತುಂಬಾ ನೀರು ತಂದರು. “ತಟ್ಟು” ಎಂದರು.

ನಾನು ತಟ್ಟುವುದು, ಹೇಳುವುದು, ಅವರು ಹನಿಸುವುದು. ಕುಂಡ ನೋಡುತ್ತಿರಲಿಲ್ಲ, ನನ್ನ ತುಟಿ ನೋಡುತ್ತಿದ್ದರು. ಆರನೆಯದಕ್ಕೆ ಬರುವಾಗ ರೈಲಿನ ಹಾರ್ನ್ ಕೇಳಿ ಎರಡನ್ನು ಒಟ್ಟಿಗೇ ತಟ್ಟಿದೆ. ಮಣಿಕಟ್ಟು ಹಿಡಿದುಕೊಂಡರು.

“ಗಣಿಯಲ್ಲಿ ಹಿಂಗೆ ತಟ್ಟಿದ್ದಿದ್ರೆ ನಿನ್ನೇ ಫಸ್ಟ್ ಒಳಗೆ ಕಳಿಸ್ತಿದ್ದೆ. ಒಂದೊಂದೇ.”

ರೈಲು ಹೋಯಿತು. ಕೊನೆಯದು ನೆರಳಿನ ಮೂಲೆಯ ದೊಡ್ಡ ಕುಂಡ. ಮೂರು ಸಲ ತಟ್ಟಿದೆ. ಅತ್ತ ಠಣ್ ಅಲ್ಲ, ಇತ್ತ ದಬ್ ಅಲ್ಲ.

“ಗೊತ್ತಾಗ್ಲಿಲ್ಲಣ್ಣ.”

ಅವರು ಮಗ್ ಕೆಳಗಿಟ್ಟರು. “ಗೊತ್ತಾಗ್ಲಿಲ್ಲ ಅಂದ್ರೆ ಹಾಕ್ಬಾರ್ದು. ನಾಳೆ ಬಂದು ತಟ್ಟು.”

ನಾಳೆ ಭಾನುವಾರ, ರಜೆ ಎಂದೆ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲವೋ, ಅಷ್ಟರಲ್ಲಿ ಒಳಗೆ ಹೋಗಿದ್ದರು.