ಮಲಾವಿಯ ಬಾವಿಗೆ ಸುರಿದ ಗಂಗೆ

ನಾನು ನೀರು ಪರೀಕ್ಷೆ ಮಾಡುವವಳು. ನವಿ ಮುಂಬೈಯ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹೋಟೆಲುಗಳ ಟ್ಯಾಂಕು, ಕಾರ್ಖಾನೆಗಳ ಬೋರ್‌ವೆಲ್, ಹೊಸ ಕಟ್ಟಡಗಳ ನಲ್ಲಿ, ಎಲ್ಲದರ ನೀರೂ ಸೀಸೆಗಳಲ್ಲಿ ನನ್ನ ಮೇಜಿಗೆ ಬರುತ್ತದೆ. ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆಯುವಾಗ ನಾನು ಯಾರ ಮುಖವನ್ನೂ ನೋಡುವುದಿಲ್ಲ. ‘ಮ್ಯಾಡಮ್, ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ಫೋನ್ ಮಾಡಿದವರಿಗೆ ಎರಡನೆಯ ಸಲ ಮಾಡುವ ಧೈರ್ಯ ಬಂದದ್ದಿಲ್ಲ. ನನ್ನ ಬಾಯಿ ಅಂಥದ್ದು. ಅಂಥ ಬಾಯಿ ಒಮ್ಮೆ ಹೊಲಿದುಹೋಗಿತ್ತು. ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ.

ಡೊಂಬಿವಲಿಯ ನಮ್ಮ ಭಜನಾ ಮಂಡಳಿಗೆ ಥಾಣೆಯ ಹೋಟೆಲ್ ಯಜಮಾನರೊಬ್ಬರು ಹಿರಿಯರು. ಉಡುಪಿ ಕಡೆಯವರು, ಕೊಡುಗೈಯವರು. ಆಫ್ರಿಕದ ಮಲಾವಿಯಲ್ಲಿ ವ್ಯಾಪಾರ ಮಾಡುವ ಅವರ ನೆಂಟರು, ಅಲ್ಲಿಯ ಒಂದು ಹಳ್ಳಿಯ ಜನ ದನ ಮಲಗುವ ಕೆರೆಯ ನೀರನ್ನೇ ಕುಡಿಯುತ್ತಾರೆ, ಮಕ್ಕಳಿಗೆ ವಾಂತಿ ಭೇದಿ ತಪ್ಪಿದ್ದಲ್ಲ ಎಂದು ಹೇಳಿದ್ದರು. ಯಜಮಾನರು ಅಲ್ಲೊಂದು ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸುವ ಸಂಕಲ್ಪ ಮಾಡಿದರು. ನಾವು ಐದು ಜನ ಹೊರಟೆವು. ನೀರು ನೋಡುವುದಕ್ಕೆ ನಾನು.

ಹೊರಡುವ ದಿನ ನನ್ನ ಅತ್ತೆ ದೇವರ ಗೂಡಿನಿಂದ ತಾಮ್ರದ ಪುಟ್ಟ ತಂಬಿಗೆಯೊಂದನ್ನು ತೆಗೆದು ಕೈಗಿತ್ತರು. ಕಾಶಿಯಿಂದ ತಂದ ಗಂಗೆ, ಬಾಯಿಗೆ ಬೆಸುಗೆ ಹಾಕಿದ್ದು. ತಮ್ಮ ಕೊನೆಗಾಲದಲ್ಲಿ ಬಾಯಿಗೆ ಬಿಡಲೆಂದು ಮೂವತ್ತು ವರ್ಷ ಕಾಪಿಟ್ಟದ್ದು.

“ಆ ಬಾವಿಗೆ ಹಾಕು ಮಾರಾಯ್ತಿ. ನಂಗೊಬ್ಬಳಿಗೆ ಎಂತಕ್ಕೆ? ಊರಿಡೀ ಕುಡೀಲಿ.”

ನನಗೆ ಕಣ್ಣು ತುಂಬಿ ಬಂತು. ಬೇಡ ಎನ್ನಲು ಬಾಯಿ ಬರಲಿಲ್ಲ.

ಅಲ್ಲಿ ಕೆಲಸವೆಲ್ಲ ಸರಿಯಾಗಿಯೇ ನಡೆಯಿತು. ಬಾವಿ ಕೊರೆದವರು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರು, ವಾಸನೆ ಹೋಗುವ ತನಕ ನೀರು ಹೊರಗೆ ಚೆಲ್ಲಿದರು. ನಾನು ಪರೀಕ್ಷೆಯ ಮದ್ದು ಹಾಕಿಟ್ಟಿದ್ದ ನನ್ನ ಸಣ್ಣ ಗಾಜಿನ ಸೀಸೆಗೆ ಆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟೆ. ಹೊಟ್ಟೆ ಕೆಡಿಸುವ ಕ್ರಿಮಿ ಇದ್ದರೆ ಎರಡು ದಿನದೊಳಗೆ ಸೀಸೆ ಕಪ್ಪಾಗುತ್ತದೆ. ಆಗಲಿಲ್ಲ. ಹಳದಿಯಾಗಿಯೇ ಉಳಿಯಿತು.

ಮೂರನೆಯ ದಿನ, ಪಂಪು ಕೂರಿಸುವ ಮೊದಲು ಗಂಗಾಪೂಜೆ. ಕೊಳವೆಯ ಬಾಯಿ ಇನ್ನೂ ತೆರೆದಿತ್ತು. ಯಜಮಾನರು ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಒಂದು ಲೋಟ ಹಾಲು ಬಿಟ್ಟರು. ನಾನು ತಂಬಿಗೆಯ ಬೆಸುಗೆ ಕಿತ್ತೆ. ಪಂಪಿನ ಹೊಣೆ ಹೊತ್ತ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. ಹಳ್ಳಿಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುವವಳು. ನಾವು ಅವಳನ್ನು ಟೀಚರ್ ಎನ್ನುತ್ತಿದ್ದೆವು. ಅವಳಿಗೂ ನನಗೂ ನಡೆಯುತ್ತಿದ್ದ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ.

“ಅದೇನು?” ಎಂದು ಕೇಳಿದಳು.

“ನಮ್ಮ ದೇಶದ ಅತ್ಯಂತ ಪವಿತ್ರ ನದಿಯ ನೀರು.”

“ಶುದ್ಧವಾ?”

ನಾನು ನಕ್ಕೆ. “ಅದಕ್ಕಿಂತ ಶುದ್ಧವಾದದ್ದು ಯಾವುದೂ ಇಲ್ಲ” ಎಂದೆ. ನಾನು! ಮೂವತ್ತು ವರ್ಷ ಮುಚ್ಚಿಟ್ಟ ನದಿ ನೀರಿನಲ್ಲಿ ಏನಿರಬಹುದೆಂದು ಲ್ಯಾಬಿಗೆ ಮೊನ್ನೆ ಸೇರಿದ ಹುಡುಗಿಯೂ ಹೇಳುತ್ತಾಳೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಸುರಿಯುವಾಗ ನಾನು ಅಳುತ್ತಿದ್ದೆ, ಸುತ್ತ ನಿಂತ ಹೆಂಗಸರು ಹಾಡುತ್ತಿದ್ದರು, ಯಜಮಾನರೂ ಕಣ್ಣೊರೆಸಿಕೊಂಡರು.

ಪಂಪು ಕೂರಿಸಿದ ಮೇಲೆ ಕ್ರಮದಂತೆ ಇನ್ನೊಂದು ಸೀಸೆ ತುಂಬಿದೆ. ಮರುದಿನ ಬೆಳಿಗ್ಗೆ ನಮ್ಮ ಪ್ರಯಾಣ. ಟೀಚರಿಗೆ ಬೆರಳೆತ್ತಿ ಹೇಳಿದೆ: “ಎರಡು ದಿನದಲ್ಲಿ ಫೋನ್ ಮಾಡುತ್ತೇನೆ. ನಾನು ಸರಿ ಎನ್ನುವ ತನಕ ಯಾರೂ ಕುಡಿಯಬಾರದು.” ಅವಳು ತಲೆಯಾಡಿಸಿದಳು.

ಡೊಂಬಿವಲಿಗೆ ಬಂದು ಸೂಟ್‌ಕೇಸ್ ತೆರೆದು, ಟವೆಲಿನಲ್ಲಿ ಸುತ್ತಿದ್ದ ಸೀಸೆ ಬಿಡಿಸಿದೆ. ಇದ್ದಿಲಿನ ಹಾಗೆ ಕಪ್ಪಾಗಿತ್ತು. ಪೂಜೆಗೆ ಮೊದಲು ಹಳದಿ, ಪೂಜೆಯ ನಂತರ ಕಪ್ಪು. ಇದಕ್ಕೆ ಇನ್ನೊಂದು ವಿವರಣೆ ಬೇಕಿರಲಿಲ್ಲ.

ಮೊದಲು ಯಜಮಾನರಿಗೆ ಫೋನ್ ಮಾಡಿದೆ.

“ಅಕ್ಕ, ಎಷ್ಟು ಮಹಾ ಬಿದ್ದಿದೆ ಅದ್ರಲ್ಲಿ? ಒಂದು ಲೋಟ ಹಾಲು, ಒಂದು ತಂಬಿಗೆ ನೀರು. ನಾಲ್ಕು ದಿನ ಪಂಪ್ ಹೊಡೆದ್ರೆ ಹೋಗ್ತದೆ. ಈಗ ಹೇಳಿದ್ರೆ, ಇವರು ಪೂಜೆ ಮಾಡಿ ಬಾವಿ ಕೆಡಿಸಿದ್ರು ಅಂತ ಆಗ್ತದೆ. ನಮ್ಮ ದೇವರ ಹೆಸರೂ ಹೋಗ್ತದೆ. ಸ್ವಲ್ಪ ಸಮಾಧಾನ ಮಾಡಿ.”

ಅಡ್ಜಸ್ಟ್ ಮಾಡಿ ಎಂದು ಅವರು ಅನ್ನಲಿಲ್ಲ, ಆದರೆ ಕೇಳಿದ್ದು ಅದನ್ನೇ. ಬೈದುಬಿಡಬೇಕಿತ್ತು. ಸರಿ ಎಂದು ಫೋನ್ ಇಟ್ಟೆ. ಅವರ ಮಾತು ನನಗೆ ಬೇಕಾಗಿತ್ತು, ಅದು ನಿಜ. ‘ಶುದ್ಧವಾ’ ಎಂದು ಕೇಳಿದವಳಿಗೆ ಏನೆಂದು ಹೇಳುವುದು?

ಎರಡು ದಿನ ನಾಲ್ಕಾಯಿತು, ನಾಲ್ಕು ಎಂಟಾಯಿತು. ಕಲ್ಯಾಣ ಲೋಕಲ್ ರೈಲಿನಲ್ಲಿ ನಿಂತಾಗ, ಲ್ಯಾಬಿನಲ್ಲಿ ಸೀಸೆ ಕುಲುಕುವಾಗ, ಒಂದೇ ಯೋಚನೆ: ಕಣ್ಣೆದುರಿಗೆ ಪಂಪಿರುವಾಗ ಯಾರು ಸುಮ್ಮನಿರುತ್ತಾರೆ? ಕುಡಿಯಲು ಶುರು ಮಾಡಿರುತ್ತಾರೆ, ನಾನು ಸುರಿದದ್ದನ್ನೇ ಕುಡಿಯುತ್ತಿರುತ್ತಾರೆ. ಮನೆಗೆ ಬಂದರೆ ಅತ್ತೆ, “ಅವ್ರು ನೀರು ಕುಡೀಲಿಕ್ಕೆ ಶುರು ಮಾಡಿದ್ರಾ?” ಎಂದು ದಿನಾ ಕೇಳುವರು. ಹೂಂ ಎನ್ನುತ್ತಿದ್ದೆ.

ಹನ್ನೊಂದನೆಯ ದಿನ ಭಾನುವಾರ... ಅಲ್ಲ, ಮಂಗಳವಾರ, ಯಾವುದೋ ಹಬ್ಬದ ರಜೆ ಇತ್ತು. ನಮ್ಮ ಹೌಸಿಂಗ್ ಸೊಸೈಟಿಯ ಟ್ಯಾಂಕಿಗೆ ಕೊಳಕು ನೀರು ಸೇರಿತ್ತಂತೆ. ಸೆಕ್ರೆಟರಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು, ಗ್ರೂಪಿಗೆ ಮೆಸೇಜ್ ಹಾಕಿದ್ದು ಎರಡು ಗಂಟೆ ತಡವಾಗಿ. ಅಷ್ಟರಲ್ಲಿ ನಮ್ಮಲ್ಲಿ ಚಹಾ ಆಗಿತ್ತು. ನನಗೆ ಮೈಯೆಲ್ಲ ಉರಿಯಿತು. ಮೆಟ್ಟಿಲಿಳಿದು ಹೋಗಿ ಸೆಕ್ರೆಟರಿಯ ಬಾಗಿಲಲ್ಲೇ ನಿಂತು ಕಿರುಚಿದೆ: “ಆಧೀ ಸಾಂಗಾಯ್ಲಾ ಕಾಯ್ ಝಾಲಂ ಹೋತಂ?” ಮೊದಲೇ ಹೇಳಲಿಕ್ಕೆ ಏನಾಗಿತ್ತು? ಮನೆಯಲ್ಲಿ ಮುದುಕರಿದ್ದಾರೆ, ಮಕ್ಕಳಿದ್ದಾರೆ, ನಿಮಗೆ ಹೇಳಿಕೊಳ್ಳಲು ನಾಚಿಕೆಯಾಯಿತೇ? ಪಾಪದ ಮನುಷ್ಯ, ಕೈಮುಗಿದರು.

ಮೇಲೆ ಬಂದಾಗ ಮಗಳು ಮೊಬೈಲಿನಿಂದ ತಲೆಯೆತ್ತದೆ, ಇಷ್ಟೇಕೆ ಕಿರುಚುತ್ತೀ ಎಂದು ಹಿಂದಿಯಲ್ಲಿ ಕೇಳಿದಳು: “ಅಮ್ಮಾ, ಇತ್‌ನಾ ಕ್ಯೂಂ ಚಿಲ್ಲಾ ರಹೀ ಹೋ? ದೋ ಘಂಟೇ ಹೀ ತೋ ಹುಏ.”

ಎರಡೇ ಗಂಟೆ. ನಾನು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಾವಿಗೆ ಫೋನ್ ಮಾಡಿದೆ.

ಟೀಚರ್ ತಕ್ಷಣ ಎತ್ತಿಕೊಂಡಳು. ಹಿಂದೆ ಯಾವುದೋ ಮಗು ಅಳುತ್ತಿತ್ತು.

“ನೀರು ಕುಡಿದಿರಾ?” ಎಂದು ಮೊದಲೇ ಕೇಳಿದೆ.

“ಇಲ್ಲ. ನಿಮ್ಮ ಫೋನ್ ಬರುವ ತನಕ ಬೇಡ ಅಂದಿದ್ದಿರಲ್ಲ. ಪಂಪಿನ ಸುತ್ತ ಮುಳ್ಳು ಇಟ್ಟಿದ್ದೇವೆ. ಯಾರನ್ನೂ ಮುಟ್ಟಗೊಟ್ಟಿಲ್ಲ.”

ಹೋದ ಜೀವ ಬಂದಂತಾಯಿತು. ದೇವರು ದೊಡ್ಡವನು ಅಂದುಕೊಂಡೆ. ಆಮೇಲೆ ಬುದ್ಧಿ ಕೆಲಸ ಮಾಡಿತು.

“ಹಾಗಾದರೆ ಇಷ್ಟು ದಿನ ಏನು ಕುಡಿದಿರಿ?”

“ಕೆರೆಯದ್ದೇ. ಬೇರೆ ಎಲ್ಲಿದೆ?” ಎಂದಳು. “ನನ್ನ ಚಿಕ್ಕವಳಿಗೆ ಮೂರು ದಿನದಿಂದ ವಾಂತಿ ಭೇದಿ. ಆಸ್ಪತ್ರೆಯಲ್ಲಿದ್ದೇನೆ. ಇವತ್ತು ಸ್ವಲ್ಪ ಪರವಾಗಿಲ್ಲ. ನಿಮ್ಮ ಸೀಸೆ ಏನಾಯಿತು?”

ಕಪ್ಪಾಯಿತು ಎಂದೆ. ನಾನು ಸುರಿದ ನೀರಿನಿಂದ, ನಾವು ಬಿಟ್ಟ ಹಾಲಿನಿಂದ. ಬಂದ ದಿನವೇ ನನಗೆ ಗೊತ್ತಾಗಿತ್ತು, ನಾಚಿಕೆಯಿಂದ ಹೇಳಲಿಲ್ಲ ಎಂದೂ ಹೇಳಿದೆ. ಅವಳು ಬೈಯಬಹುದೆಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಈಗ ಏನು ಮಾಡಬೇಕು?” ಎಂದಳು.

ಕೊರೆದವರು ಬಿಟ್ಟುಹೋದ ಬ್ಲೀಚಿಂಗ್ ಪೌಡರನ್ನು ಎಷ್ಟು ಬಕೆಟ್ ನೀರಿಗೆ ಎಷ್ಟು ಕಲಸಬೇಕು, ಪಂಪಿನ ತಲೆ ಬಿಚ್ಚಿಸಿ ಎಷ್ಟು ಹೊತ್ತು ಬಾವಿಯಲ್ಲಿ ಬಿಡಬೇಕು, ಆಮೇಲೆ ವಾಸನೆ ಪೂರ್ತಿ ಹೋಗುವ ತನಕ ಹೇಗೆ ಪಂಪು ಹೊಡೆಯಬೇಕು ಎಂದು ಹೇಳುತ್ತಾ ಹೋದೆ. ಅವಳು ಬರೆದುಕೊಂಡಳು. ಹೇಳುವಾಗಲೇ ನೆನಪಾಯಿತು, ಉಳಿದ ಐದು ಖಾಲಿ ಸೀಸೆ ನನ್ನ ಚೀಲದಲ್ಲೇ ಇವೆ. ಅವಳ ಕೈಗೇ ಕೊಟ್ಟು ಬರಬಹುದಿತ್ತು. ಕಪ್ಪು ಯಾವುದು, ಹಳದಿ ಯಾವುದು ಎಂದು ಅವಳಿಗೆ ಕಾಣುವುದಿಲ್ಲವೇ? ಅದು ನನಗೆ ಹೊಳೆದೇ ಇರಲಿಲ್ಲ.

ಬರೆದದ್ದನ್ನೆಲ್ಲ ಒಂದೊಂದಾಗಿ ಓದಿ ಹೇಳಿ, ಟೀಚರ್ ಕೊನೆಗೆ ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ.

“ಈ ಸಲ ನಿಮ್ಮ ಫೋನಿಗೆ ಎಷ್ಟು ದಿನ ಕಾಯಬೇಕು?”

ಕಾಯಬೇಡಿ ಎಂದೆ. ವಾಸನೆ ಹೋದ ಕೂಡಲೇ ಕುಡಿಯಿರಿ, ನನ್ನನ್ನು ಕೇಳಬೇಡಿ ಎಂದೆ.