ಬಂದರಿಕೆ ಬೇಲಿ

ಘಾಟಬೋರಾಳದಲ್ಲಿ ನಮ್ಮ ಪಕ್ಕದ ಮನೆಯ ಆಯಿ ಆಡು ಸಾಕಿಕೊಂಡಿದ್ದಳು. ಕೊಟ್ಟಿಗೆಯ ಸುತ್ತ ಬಂದರಿಕೆ ಗಿಡಗಳ ಬೇಲಿ. ಎಂಥ ಬೇಸಿಗೆಯಲ್ಲೂ ಹಸಿರಾಗಿರುತ್ತಿದ್ದ ಆ ಕಂಟಿಗಳ ಒಂದು ಎಲೆ ಹರಿದರೂ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು: “ಕಂಟಿಗಿ ಕೈ ಹಚ್ಚಬ್ಯಾಡ್ರಿ!”

ತೊಂಬತ್ತರ ದಶಕದ ಒಂದು ಮಧ್ಯಾಹ್ನ ಆಚೆ ಹೊಲದ ಕಸಕ್ಕೆ ಯಾರೋ ಬೆಂಕಿ ಹಚ್ಚಿದ್ದರು. ಗಾಳಿ ತಿರುಗಿತು. ಬೆಂಕಿ ಒಣಹುಲ್ಲು ಹಿಡಿದು ಬೇಲಿಯತ್ತ ಓಡಿಬಂತು. ಕೊಟ್ಟಿಗೆಯ ಬಾಗಿಲು ಬೆಂಕಿಯ ಕಡೆಗೇ ಇತ್ತು. ಒಳಗೆ ಆಡುಗಳು ಚೀರುತ್ತಿದ್ದವು. ಹಸಿರು ಬೇಲಿ ತಡೆದೀತೆಂದು ನಂಬಿ ನಾವು ಕೊಟ್ಟಿಗೆಯ ಸೋಗೆ ಮಾಡಿನ ಮೇಲೆ ನೀರು ಎರಚುತ್ತಿದ್ದೆವು.

ಆಯಿ ಕೊಡಲಿ ಹಿಡಿದು ಬಂದವಳೇ ಆ ಕಡೆಯ ಬೇಲಿಯನ್ನು ಕಡಿಯತೊಡಗಿದಳು.

“ಆಯಿ, ಏನ್ ಮಾಡಾಕತ್ತೀರಿ?” ಎಂದು ಕೂಗಿದೆ.

“ಎಲಿ ಅಂಟಂಟ ಅದ. ಹಸಿ ಇದ್ರೂ ಎಣ್ಣಿ ಹಾಕಿದಂಗ ಉರೀತದ! ಕಡದದ್ದು ದೂರ ಎಳಿ!”

ಎಳೆದೆವು. ತಿನ್ನಲು ಏನೂ ಸಿಗದೆ ಬೆಂಕಿ ಕೊಟ್ಟಿಗೆಯಿಂದ ಮಾರು ದೂರದಲ್ಲೇ ನಿಂತಿತು.

ಮರುದಿನ ಅಲ್ಲಿ ಬರೀ ಮೋಟುಗಳು. ಆಡುಗಳ ಕಾಲಿಗೆ ಚುಚ್ಚೀತೆಂದು ಒಂದನ್ನು ಕೀಳಲು ಬಗ್ಗಿದೆ. ಹಾಲು ಹಿಂಡುತ್ತಿದ್ದ ಆಯಿ ತಲೆಯೆತ್ತಲಿಲ್ಲ.

“ಕಂಟಿಗಿ ಕೈ ಹಚ್ಚಬ್ಯಾಡ.”