‘ಏರ್’ ಅನ್ನದೆ ನೀರಿಲ್ಲ

ಬೆಳಗಿನ ಆರು ಗಂಟೆ. ಅಂಗಳದ ಹಿಪ್ಪೆ ಮರದ ಕೆಳಗೆ ಹೊಸ ಮೇಷ್ಟ್ರು ಶ್ರೀಪತಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅವರ ಊರು ಕರೀಂನಗರದ ಕಡೆ, ಮಾತು ತೆಲುಗು. ಎದುರಿಗೆ ಒಲೆಯ ಮುಂದೆ ಕುಮ್ರಂ ಮೋತುಬಾಯಿ, ಅರ್ಧ ಗಂಟೆಯಿಂದ ಬರೀ ಗೋಂಡಿಯಲ್ಲೇ ಮಾತಾಡುತ್ತಿದ್ದಾರೆ. ಹಸಿಮೆಣಸಿನ ಚಟ್ನಿಯೊಂದಿಗೆ ಜೋಳದ ರೊಟ್ಟಿ ತಿಂದ ಮೇಷ್ಟ್ರ ಮುಖ ಕೆಂಪಾಗಿದೆ.

“ಅಕ್ಕಾ, ನೀರು!” ಎಂದು ತೆಲುಗಿನಲ್ಲಿ ಎರಡು ಸಲ ಕೇಳುತ್ತಾರೆ. ಮೋತುಬಾಯಿ ರೊಟ್ಟಿ ತಟ್ಟುತ್ತಲೇ ಇದ್ದಾರೆ. ಕೊನೆಗೆ, ಆಗಲೇ ಆಕೆ ಚೆಂಬು ತೋರಿಸಿ ಹೇಳಿದ್ದ ಮಾತು ನೆನಪಾಗಿ “ಏರ್! ಏರ್!” ಎಂದು ಕೂಗಿದ ಮೇಲೆ ಚೆಂಬು ಮುಂದೆ ಬರುತ್ತದೆ.

“ಗೊತ್ತಾಯ್ತಾ ಸಾರ್, ಒಂದನೇ ಕ್ಲಾಸಿನ ಮಗು ಹೆಂಗೆ ಕೂತಿರ್ತದೆ ಅಂತ?” ಮೋತುಬಾಯಿ ಈಗ ತೆಲುಗಿನಲ್ಲೇ ಕೇಳುತ್ತಾರೆ.

ಯಾವ ಹೊಸ ಮೇಷ್ಟ್ರು ಬಂದರೂ ಅವರು ಕಲಿಸುವ ಮೊದಲ ಪಾಠ ಇದು. ಐವತ್ತೆರಡರ ಮೋತುಬಾಯಿ ಆದಿಲಾಬಾದ್ ಕಾಡಂಚಿನ ಈ ಗೋಂಡರ ಹಾಡಿಯ ಶಾಲೆಯಲ್ಲಿ ಅಡುಗೆಯವರು. ಹದಿನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ಶಿಕ್ಷಕರನ್ನು ಹೀಗೆ ತಯಾರು ಮಾಡಿದ್ದಾರೆ.

ಗೋಂಡಿಯ ‘ಏರ್’ ಎಂದರೆ ನೀರು, ತೆಲುಗಿನ ‘ಏರು’ ಎಂದರೆ ತೊರೆ. ಆರು ವರ್ಷದ ಮೋತುಬಾಯಿ ಬಾಯಾರಿ “ಏರ್” ಎಂದಾಗ, ತೊರೆಗೆ ಆಡಲು ಹೊರಟಿದ್ದಾಳೆಂದು ಅಂದಿನ ಮೇಷ್ಟ್ರು ಬಿಸಿಲಲ್ಲಿ ನಿಲ್ಲಿಸಿದರು.

“ಬಿಸಿಲಿಗೆ ಇನ್ನೂ ಬಾಯಾರ್ತು. ಮತ್ತೆ ಏರ್ ಅಂದೆ. ಬೆತ್ತ ತಗೊಂಡ್ರು. ಮಾರನೇ ದಿನದಿಂದ ಶಾಲೆ ಕಡೆ ತಲೆ ಹಾಕ್ಲಿಲ್ಲ.”

ಹೋದ ತಿಂಗಳು ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಶಾಲೆಯ ಜಗಲಿಯಲ್ಲಿ ನಡೆಯುತ್ತಿದ್ದ ಈ ಪಾಠ ನಿಲ್ಲಿಸಿದರು. “ಏನು ಓದಿದ್ದೀಯಮ್ಮಾ ಮೇಷ್ಟ್ರಿಗೆ ಹೇಳ್ಕೊಡೋಕೆ? ಸೌಟು ಹಿಡಿ ಸಾಕು. ಇನ್ನೊಮ್ಮೆ ಕಂಡ್ರೆ ಆ ಕೆಲಸವೂ ಇರಲ್ಲ.”

ಮರುದಿನವೇ ಪಾಠ ಮೋತುಬಾಯಿಯ ಮನೆಗೆ ಬಂತು. “ಜಗಲಿ ಅವರದು, ಅಂಗಳ ನಂದು. ಕೆಲಸ ಕಿತ್ಕೊಳ್ಲಿ. ನಾಲಿಗೆ ಕಿತ್ಕೊಳ್ಳೋಕಾಗ್ತದಾ?”

ಒಂದನೇ ತರಗತಿಯಲ್ಲಿ ಈ ವರ್ಷ ಇಪ್ಪತ್ತಮೂರು ಮಕ್ಕಳು. ತೆಲುಗು ಬಲ್ಲವರು ಇಬ್ಬರು. ಮೇಷ್ಟ್ರಿಗೆ ಗೋಂಡಿ ಬರದಿದ್ದರೆ, ದೀಪಾವಳಿಯ ದಂಡಾರಿ ಕುಣಿತದ ಹೊತ್ತಿಗೆ ಮಕ್ಕಳು ಶಾಲೆ ಬಿಟ್ಟು ಅರ್ಧ ತರಗತಿ ಖಾಲಿ. ಮೋತುಬಾಯಿ ಅದನ್ನು ಹಿಂದೆ ಕಣ್ಣಾರೆ ಕಂಡಿದ್ದಾರೆ.

ಹತ್ತು ಗಂಟೆ, ಒಂದನೇ ತರಗತಿ. ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು “ಏರ್” ಅನ್ನುತ್ತಾಳೆ. ಬೋರ್ಡಿನ ಮೇಲೆ ಬರೆಯುತ್ತಿರುವ ಶ್ರೀಪತಿ ಮೂಲೆಯ ಮಡಕೆಯತ್ತ ಕೈ ತೋರಿಸಿ ಬರಹ ಮುಂದುವರಿಸುತ್ತಾರೆ.

ಅಡುಗೆಕೋಣೆಯ ಕಿಟಕಿಯಿಂದ ಮೋತುಬಾಯಿ ಇಣುಕುತ್ತಾರೆ.

“ಆ ಸಾಹೇಬ್ರು ಸೌಟು ಹಿಡಿ ಅಂದಿದ್ರಲ್ಲ, ಹಿಡಿದೇ ಇದೀನಿ. ನೋಡಿ, ಹುಡುಗಿ ನೀರು ಕುಡಿದು ವಾಪಸ್ ಬಂದು ತನ್ನ ಜಾಗದಲ್ಲೇ ಕೂತ್ಲು.”